ಒಣಗದ ಕಾಯಿಯ ಹರಾಜು

ತಿಪಟೂರಿನ ಆ ಕೊಬ್ಬರಿ ಮಂಡಿ ಮುಳುಗಿದಾಗ ನಾನು ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಹೆಚ್ಚು ಬಡ್ಡಿಯ ಆಸೆ ತೋರಿಸಿ ಊರೂರಿನವರಿಂದ ಠೇವಣಿ ಕಟ್ಟಿಸಿಕೊಂಡಿದ್ದ ಮಾಲೀಕ ಕೈಯೆತ್ತಿಬಿಟ್ಟಿದ್ದ. ಅವನ ಆಸ್ತಿ ಮಾರಿ, ಮೋಸಹೋದವರಿಗೆ ಹಂಚಲು ಒಬ್ಬ ಅಧಿಕಾರಿ ನೇಮಕವಾಗಿ ಬಂದರು. ನಾನು ಅವರ ಸಹಾಯಕಿ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅಪ್ಪ ಕಂಡವರ ಕಣದಲ್ಲಿ ಕಾಯಿ ಸುಲಿದು ಓದಿಸಿದ್ದ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಲಾರಿ, ತೂಕದ ಯಂತ್ರ ಮಾರಿಯಾಯಿತು. ಉಳಿದದ್ದು ಗೋದಾಮಿನ ಅಟ್ಟದ ತುಂಬ ಕಾಯಿ. ಸಾಹೇಬರು ಪಟ್ಟಿಯಲ್ಲಿ ‘ತೆಂಗಿನಕಾಯಿ’ ಎಂದು ಬರೆಸಿ ಅದೇ ವಾರ ಹರಾಜು ಗೊತ್ತುಮಾಡಿದರು. ನಾನೊಂದು ಕಾಯಿ ಅಲ್ಲಾಡಿಸಿ ನೋಡಿದೆ. ಒಳಗೆ ಇನ್ನೂ ನೀರು. ಅಟ್ಟದ ಮೇಲೆ ವರ್ಷ ಒಣಗಿದರೆ ಕೊಬ್ಬರಿ. ಇವು ಅಟ್ಟ ಏರಿ ಎಂಟೇ ತಿಂಗಳು. ನಡುವೆ ಇಳಿಸಿದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ, ಕೊಳ್ಳುವವನು ಹೇಳಿದ್ದೇ ರೇಟು.

“ನಾಲ್ಕು ತಿಂಗಳು ತಡೀಬೇಕು ಸಾರ್,” ಎಂದೆ.

“ಠೇವಣಿದಾರರು ಒಪ್ಪಿದರೆ ನೋಡೋಣ. ನೀವೇ ಒಪ್ಪಿಸಿ.”

ಗೋದಾಮಿನಲ್ಲೇ ಕರೆದ ಸಭೆಯಲ್ಲಿ ನಾನು ಬಾಯಿಬಿಟ್ಟದ್ದೇ ತಡ, ಚಿಕ್ಕನಾಯಕನಹಳ್ಳಿ ಕಡೆಯ ಅಜ್ಜಿಯೊಬ್ಬಳು ಎದ್ದು ನಿಂತಳು. ಕುರಿ ಮಾರಿದ ದುಡ್ಡೆಲ್ಲ ಮಂಡಿಗೆ ಕಟ್ಟಿದ್ದವಳು. ಎರಡೂ ಕಣ್ಣಿಗೆ ಪೊರೆ. ಆಪರೇಷನ್ನಿಗೆ ಬೇರೆ ದುಡ್ಡಿರಲಿಲ್ಲ.

“ನಿಂಗೇನವ್ವ, ತಿಂಗ್ಳಾದ್ರೆ ಸಂಬ್ಳ ಬತ್ತದೆ. ನಾಕು ವರ್ಸ ಬೇಕಾದ್ರೂ ಕಾಯ್ತೀಯ!”

“ಕಾಯಿ ಒಣಗಿಲ್ಲ ಕಣಜ್ಜಿ. ನಾನು ಓದಿದೋಳು, ಸುಳ್ಳು ಹೇಳಲ್ಲ.”

“ನಮ್ ದುಡ್ಡು ತಿಂದೋನೂ ಓದಿದೋನೇ ಕಣೇ!”

ಜನ ಗೊಳ್ಳೆಂದು ನಕ್ಕರು. ಮಾತು ಬಿಟ್ಟು, ಅಟ್ಟ ಹತ್ತಿ ಒಂದು ಕಾಯಿ ತಂದು ಅವಳ ಕೈಗೆ ಕೊಟ್ಟೆ. ಕಿವಿಗೆ ಹಿಡಿದು ಕುಲುಕಿದಳು. ಮತ್ತೊಮ್ಮೆ ಕುಲುಕಿದಳು.

“ನೀರೈತೆ ಕಣ್ರಪ್ಪ. ಈಗ ಮಾರುದ್ರೆ ನಮ್ ಬಾಯಿಗೆ ನಾವೇ ಮಣ್ಣಾಕ್ಕಂಡಂಗೆ.” ನನ್ನ ಕಡೆ ತಿರುಗಿದಳು. “ಕಾಯ್ತೀವಿ. ಆದ್ರೆ ಗೋದಾಮಿಗೆ ನಿಮ್ ಬೀಗದ ಜೊತೆ ನಮ್ದೂ ಒಂದು ಬೀಗ ಬೀಳ್ಬೇಕು.”

ಸಾಹೇಬರು ಗೊಣಗಿಕೊಂಡೇ ಒಪ್ಪಿದರು. ನಾಲ್ಕು ತಿಂಗಳಾದ ಮೇಲೆ ಎಲ್ಲರೆದುರು ಎರಡೂ ಬೀಗ ತೆಗೆದು ಹರಾಜು ಕೂಗಿದೆವು. ಬೆಲೆ ಕೈಹಿಡಿಯಿತು. ಬಿದ್ದಿದ್ದರೆ ನಾನು ಆ ಊರಲ್ಲಿ ತಲೆಯೆತ್ತಿ ಓಡಾಡುವಂತಿರಲಿಲ್ಲ. ಆದರೂ ಕಟ್ಟಿದ್ದರಲ್ಲಿ ಅರ್ಧ ಬಂತು, ಅಷ್ಟೇ. ನನ್ನ ಲೆಕ್ಕಾಚಾರ ಸರಿಯಿತ್ತು, ನಿಜ. ಆದರೆ ಆ ನಾಲ್ಕು ತಿಂಗಳು ಮಂಜುಗಣ್ಣಲ್ಲಿ ಬಸ್ಸು ಹತ್ತಿ ಇಳಿದವಳು ನಾನಲ್ಲ.

ದುಡ್ಡು ತೆಗೆದುಕೊಂಡು ಹೆಬ್ಬೆಟ್ಟೊತ್ತುವಾಗ ಅಜ್ಜಿ ಕೇಳಿದಳು, “ಇಷ್ಟೇನಾ?”

“ಇಷ್ಟೇ ಕಣಜ್ಜಿ.”

“ಒಂದು ಕಣ್ಣಿಗಾಯ್ತು ಬುಡು,” ಎಂದು ಶಾಯಿಯನ್ನು ಸೆರಗಿಗೆ ಒರೆಸಿಕೊಂಡಳು.