ಅಜ್ಜಿಯ ‘ಆದ್ರ’ಕ್ಕೆ ಕಾದ ಬೇಸಿಗೆ

ಏಪ್ರಿಲ್ ಹನ್ನೆರಡು, ಭಾನುವಾರ, ಬೆಳಿಗ್ಗೆ ಆರು ಇಪ್ಪತ್ತು. ಸಿರುಗುಪ್ಪದ ನಮ್ಮ ಮನೆಯ ಮಾಳಿಗೆಯ ಮೇಲೆ ಕೂತು ಇದನ್ನು ಶುರು ಮಾಡಿದ್ದೇನೆ. ಏಳೂವರೆ ದಾಟಿದರೆ ಇಲ್ಲಿ ಬಿಸಿಲಿಗೆ ಕೂರಲಾಗುವುದಿಲ್ಲ. ಅಷ್ಟರೊಳಗೆ ಆದಷ್ಟು ಬರೆಯಬೇಕು.

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಮಕ್ಕಳನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಉಪ್ಪಿನಕಾಯಿ ಭರಣಿಯ ಹಾಗೆ ಸಾಗಿಸುತ್ತಿದ್ದರು. ಹೋಗುತ್ತೀಯಾ ಎಂದು ಯಾರೂ ಕೇಳುತ್ತಿರಲಿಲ್ಲ. ನನ್ನ ಐದನೆಯ ತರಗತಿ ಮುಗಿದ ವರ್ಷ ಅಪ್ಪ ನನ್ನನ್ನು ಬಳ್ಳಾರಿ ಬಸ್ಸಿನ ಕಿಟಕಿ ಪಕ್ಕ ಕೂರಿಸಿ, ಕಂಡಕ್ಟರಿಗೆ ಒಪ್ಪಿಸಿ, "ಸುಮಾ, ನಿಮ್ಮತ್ತಿ ಹತ್ರ ಇಂಗ್ಲಿಷ್ ಕಲ್ಕೊಂಡು ಬಾ. ಜೂನ್‌ನಾಗ ಹೊಸಾ ಸಾಲಿಗೆ ಹಾಕ್ತೀನಿ" ಎಂದು ಇಳಿದುಬಿಟ್ಟರು.

ಅತ್ತೆ ಎಂದರೆ ಅಪ್ಪನ ತಂಗಿ ಶಾರದತ್ತೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅಜ್ಜಿಯ ಮನೆಯಲ್ಲಿದ್ದಳು. ಅವಳನ್ನು ಕುರುಗೋಡಿಗೆ ಕೊಟ್ಟಿದ್ದರು. ಹಿಂದಿನ ದೀಪಾವಳಿಗೆ ತವರಿಗೆ ಬಂದವಳು ವಾಪಸು ಹೋಗಲಿಲ್ಲ. "ಎಂಟ ದಿನದಾಗ ಹೋಗು, ಮಂದಿ ಏನಂದಾರು" ಎಂದು ಅಜ್ಜಿ ಹೇಳಿದ್ದಳು. "ಹೋಗಂಗಿಲ್ಲ" ಎಂದು ಅತ್ತೆ ಹೇಳಿದ್ದಳು. ಅಂದಿನಿಂದ ತಾಯಿ ಮಗಳಿಬ್ಬರೂ ಮಾತು ಬಿಟ್ಟಿದ್ದರು.

ಮಾತು ಬಿಟ್ಟಿದ್ದರು ಎಂದರೆ ಮಾತಾಡುತ್ತಿರಲಿಲ್ಲ ಎಂದಲ್ಲ. ನಮ್ಮ ಕಡೆ ಅದಕ್ಕೊಂದು ಪದ್ಧತಿ ಇತ್ತು. ನಡುವೆ ಗೋಡೆಯೋ ಬೆಕ್ಕೋ ಮಗುವೋ ಇರಬೇಕು, ಮಾತೆಲ್ಲ ಅದಕ್ಕೆ ಹೇಳಬೇಕು. ನಾನು ಬರುವವರೆಗೆ ಅಡುಗೆಮನೆಯ ಗೋಡೆ ಆ ಕೆಲಸ ಮಾಡುತ್ತಿತ್ತು. ನಾನು ಬಂದ ಮೇಲೆ ಅದಕ್ಕೆ ರಜೆ.

"ಲೇ ಸುಮಾ, ನಿಮ್ಮತ್ತಿಗೆ ಹೇಳು, ಸಾರು ಆರಿ ಹೊಂಟೈತಿ."

ಅತ್ತೆ ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿರುತ್ತಿದ್ದಳು.

"ಸುಮಾ, ನಿಮ್ಮಜ್ಜಿಗೆ ಹೇಳು, ಹುಡುಗ್ರು ಬರೋ ಹೊತ್ತಾತು, ಆಮ್ಯಾಲೆ ಉಣ್ತೀನಿ."

"ಉಪಾಸ ಬಿದ್ದು ಪಾಠ ಹೇಳು ಅಂತ ಯಾವ ಪುಸ್ತಕದಾಗ ಬರದೈತಿ ಕೇಳು."

ನಾನು ಒಮ್ಮೆ ಇತ್ತ ಒಮ್ಮೆ ಅತ್ತ ಮುಖ ತಿರುಗಿಸುತ್ತಿದ್ದೆ. ಬಾಯಿ ತೆರೆಯುವ ಮೊದಲೇ ಉತ್ತರ ಬಂದಿರುತ್ತಿತ್ತು. ಆದರೂ ನಾನಲ್ಲಿ ಇರಲೇಬೇಕಿತ್ತು.

ಸಂಜೆ ಅತ್ತೆಯ ಟ್ಯೂಷನ್. ಹಜಾರದಲ್ಲಿ ಚಾಪೆ ಹಾಸಿ, ಕೂಲರ್‌ಗೆ ಎರಡು ಕೊಡ ನೀರು ಹೊಯ್ದರೆ ಹಸಿ ಹುಲ್ಲಿನ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ಕೌಲ್ ಬಜಾರಿನಿಂದ ಬಾಷಾ ಎಂಬ ಹುಡುಗ ಬರುತ್ತಿದ್ದ. ಅವನ ಅಬ್ಬಾ ಆಟೋ ರಿಪೇರಿ ಮಾಡುತ್ತಿದ್ದರು. ಎಷ್ಟು ತೊಳೆದು ಬಂದರೂ ಅವನ ಹತ್ತಿರ ಗ್ರೀಸಿನ ವಾಸನೆ ಇರುತ್ತಿತ್ತು, ಬಾಯಲ್ಲಿ ಯಾವಾಗಲೂ ಒಂದು ಮಾತು ತಯಾರಿರುತ್ತಿತ್ತು.

ಆ ವಾರ ಅತ್ತೆ ಹಲಗೆಯ ಮೇಲೆ ಒಂದೇ ಒಂದು ಶಬ್ದ ಬರೆದಳು: ಹೌಎವರ್.

"ಮಿಸ್, ಇದು ಬಟ್ ಅಲ್ಲೇನ್ರಿ? ಎರಡೆರಡು ಯಾಕ್ರಿ?" ಎಂದ ಬಾಷಾ.

"ಬಟ್ ಅಂದ್ರ ಮಾತಿನ ನಡುವನ ಎದ್ದು, ಬಾಗ್ಲಾ ಧಡ್ ಅಂತ ಹಾಕ್ಕೊಂಡು ಹೋದಂಗ. ಹೌಎವರ್ ಹಂಗಲ್ಲ. ಒಂದು ಮಾತು ಪೂರ್ತಿ ಮುಗಸು, ಚುಕ್ಕಿ ಇಡು. ಎದ್ದು ನಿಂದ್ರು. ‘ನೀವು ಹೇಳಿದ್ದು ಕೇಳಿದೆ’ ಅಂತ ಒಂದ್ ಕ್ಷಣ ತಡಿ. ಆಮ್ಯಾಲೆ ನಿಂದು ಹೇಳು. ಎದುರಿನವ್ರಿಗೆ ಮರ್ಯಾದಿ ಕೊಡೋ ಶಬ್ದ ಇದು."

"ನಮ್ಮ ಅಬ್ಬಾ ‘ಲೇಕಿನ್’ ಅಂದು ಹಿಂಗ ತಡೀತಾರ್ರಿ. ಮುಗೀತು. ಆವತ್ತ ಐಸ್‌ಕ್ರೀಮ್ ಇಲ್ಲ."

ಎಲ್ಲರೂ ನಕ್ಕೆವು, ಅತ್ತೆಯೂ ನಕ್ಕಳು. "ಅದ ನೋಡು. ಹೌಎವರ್ ಆದಮ್ಯಾಲೆ ಏನ್ ಬರ್ತೈತಲ್ಲ, ಅದ ಖರೇ ಮಾತು. ಮೊದ್ಲಿಂದು ಚಾ ಕೊಟ್ಟಂಗ ಅಷ್ಟ."

ಮರುದಿನ ಅದೇ ಶಬ್ದದ ಇನ್ನೊಂದು ಬಳಕೆ ಬಂತು. ಅದಕ್ಕೆ ಎದುರು ಮಾತೇ ಬೇಕಿಲ್ಲ, ‘ಎಷ್ಟೇ’ ಎಂದರ್ಥ. ಎಷ್ಟೇ ದೂರವಿದ್ದರೂ, ಎಷ್ಟೇ ಹೊತ್ತಾದರೂ. ಆಮೇಲೆ ಮೂರನೆಯದು, ‘ಹೆಂಗ ಬೇಕೋ ಹಂಗ’. ನಿನಗೆ ಹೆಂಗ ಬೇಕೋ ಹಂಗ ಮಾಡು. ಇದಕ್ಕೆ ಒಂದು ವಾಕ್ಯ ಮಾಡಿ ಎಂದಾಗ ಬಾಷಾ, "ನಿಂಗ ಹೆಂಗ ಬೇಕೋ ಹಂಗ ಮಾಡು, ಹೌಎವರ್, ಹೊಡ್ತ ಬೀಳ್ತಾವ" ಎಂದು ಮೊದಲನೆಯದನ್ನೂ ಮೂರನೆಯದನ್ನೂ ಕೂಡಿಸಿಬಿಟ್ಟ. ಅತ್ತೆ ಅವನಿಗೆ ಹೊಸ ಪೆನ್ಸಿಲ್ ಕೊಟ್ಟಳು. ನನಗೆ ಎರಡು ದಿನ ಹೊಟ್ಟೆಕಿಚ್ಚು.

ಅಜ್ಜಿ ಒಳಗೆ ಮೊರದಲ್ಲಿ ಅಕ್ಕಿ ಕೇರುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಏನಲೇ ಅದು, ದಿನಾ ಹೌ ಹೌ ಅಂತಾಳ? ನಾಯಿ ಓಡಸ್ತಾಳೇನು?"

ಅದು ನಮ್ಮ ‘ಆದ್ರ’ ಇದ್ದ ಹಾಗೆ ಎಂದು ನನಗೆ ತಿಳಿದಷ್ಟು ವಿವರಿಸಿದೆ. ಅಜ್ಜಿ ಅಕ್ಕಿಯಿಂದ ಎರಡು ಕಲ್ಲು ಆರಿಸಿ ಆಚೆಗೆಸೆದಳು.

"ಹಂಗಾರ ಮೊದ್ಲು ಹೊಗಳಿ ಆಮ್ಯಾಲೆ ಬಯ್ಯೂದೇನು, ಮೊದ್ಲು ಬೈದು ಆಮ್ಯಾಲೆ ಹೊಗಳೂದೇನು?"

"ಎರಡೂ ಬರ್ತೈತಂತ ಅಜ್ಜಿ."

"ಮೊದ್ಲು ಬೈಯ್ಯೂದ ಚಲೋ. ಎದ್ದು ಹೋಗೋರಿಗೆ ಕಡೀ ಮಾತು ನೆನಪಿರ್ತೈತಿ."

ನನಗೆ ಆಗಲೇ ಲೆಕ್ಕ ಇಡುವ ಚಟವಿತ್ತು. ಅಂದಿನಿಂದ ಅಜ್ಜಿ ಅತ್ತೆಯ ಬಗ್ಗೆ ಆಡುವ ಮಾತುಗಳನ್ನೆಲ್ಲ ಗಮನಿಸತೊಡಗಿದೆ. ಹಟಮಾರಿ. ಬಾಯಿ ಜೋರು. ಎಣ್ಣೆ ಹಚ್ಚಿಕೊಳ್ಳುವುದಿಲ್ಲ, ಕೂದಲು ಉದುರುತ್ತದೆ. ಬೈಗುಳಕ್ಕೆ ಕಡಿಮೆಯೇನಿರಲಿಲ್ಲ. ಪ್ರತಿ ಸಲವೂ ಈಗ ‘ಆದ್ರ’ ಬರುತ್ತದೆ ಎಂದು ಕಿವಿಗೊಟ್ಟು ಕೂರುತ್ತಿದ್ದೆ. ಬರುತ್ತಲೇ ಇರಲಿಲ್ಲ. ಅಜ್ಜಿಯ ಮಾತು ಚುಕ್ಕಿಯವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು.

ಒಂದು ಸಂಜೆ ನೀರು ತುಂಬುವಾಗ ಅತ್ತೆಯನ್ನೇ ಕೇಳಿದೆ, "ಮಾಮ ಕೆಟ್ಟಾವ್ರೇನು?"

"ಇಲ್ಲ. ಹೊಡದಿಲ್ಲ, ಬಡದಿಲ್ಲ." ಅತ್ತೆ ಕೊಡ ಕೆಳಗಿಟ್ಟಳು. ಒಂದು ಕ್ಷಣ ತಡೆದಳು. "ಹೌಎವರ್, ನಾ ಏನರ ಮಾತಾಡಾಕ ಬಾಯಿ ತಗದ್ರ ಆ ಮನಿಯಾಗ ಟಿವಿ ಸಪ್ಪಳ ಜಾಸ್ತಿ ಮಾಡ್ತಿದ್ರು. ಒಂದಿನ ಅಲ್ಲ ಸುಮಾ, ದಿನಾ. ಪಾಠ ಹೇಳಾಕ ಹೋಗ್ತೀನಂದ್ರ, ನಮ್ಮ ಮನಿ ಸೊಸಿ ಹೊರಗ ದುಡಿಯಂಗಿಲ್ಲ ಅಂದ್ರು."

ಮೇ ತಿಂಗಳ ನಡುವೆ ಕುರುಗೋಡಿನಿಂದ ಫೋನ್ ಬಂತು. ಅತ್ತೆಯ ಗಂಡನ ಅಣ್ಣ ಮತ್ತು ಅವರ ಹೆಂಡತಿ ಭಾನುವಾರ ಬರುತ್ತಾರೆ, ಕರೆದುಕೊಂಡು ಹೋಗುತ್ತಾರೆ. ಮನೆ ಅಜ್ಜಿಯದು. ಅಪ್ಪ ಅಜ್ಜಿಯ ಮಾತು ಮೀರುವವರಲ್ಲ. ಅಜ್ಜಿ ಕಳಿಸುತ್ತೇನೆ ಎಂದರೆ ಅತ್ತೆಗೆ ನಿಲ್ಲಲು ಬೇರೆ ಜಾಗವೇ ಇಲ್ಲ ಎಂಬುದು ನನಗೂ ತಿಳಿದಿತ್ತು.

ಶನಿವಾರ ಅತ್ತೆ ಮಕ್ಕಳಿಗೆ, "ಸೋಮವಾರ ಪಾಠ ಐತೋ ಇಲ್ಲೋ ಗೊತ್ತಿಲ್ಲ" ಎಂದಳು. ಬಾಷಾ ಆ ದಿನ ಏನೂ ತಮಾಷೆ ಮಾಡಲಿಲ್ಲ. ಹೋಗುವಾಗ ಚಾಪೆಗಳನ್ನೆಲ್ಲ ತಾನೇ ಸುತ್ತಿಟ್ಟ.

ಭಾನುವಾರ ಬೆಳಿಗ್ಗೆ ಎದ್ದಾಗ ದೇವರ ಜಗಲಿಯ ಮುಂದೆ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಕೊಂಬು, ರವಿಕೆಗೆಂದು ಹಸಿರು ಕುಪ್ಪಸದ ಕಣ ಎಲ್ಲ ಜೋಡಿಸಿಟ್ಟಿತ್ತು. ಉಡಿ ತುಂಬುವ ಸಾಮಾನು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬರಿಗೈಲಿ ಕಳಿಸಬಾರದು ಎಂದು ಸೆರಗಿಗೆ ತುಂಬುವಂಥದ್ದು. ಅತ್ತೆ ಬಾಗಿಲಲ್ಲಿ ನಿಂತು ಅದನ್ನು ನೋಡಿದಳು. ಒಳಗೆ ಹೋಗಿ ಸೀರೆಗಳನ್ನು ಮಡಿಚತೊಡಗಿದಳು. ನಾನು ಅವಳ ಪಕ್ಕ ಕೂತು, ಮಡಿಚಿಟ್ಟ ಸೀರೆಯ ಮೇಲೆ ಸುಮ್ಮನೆ ಕೈಯಾಡಿಸುತ್ತಿದ್ದೆ.

ಹನ್ನೊಂದಕ್ಕೆ ಅವರು ಬಂದರು. ಅಜ್ಜಿ ಬೆಲ್ಲ ನೀರು ಕೊಟ್ಟು, ಒಗ್ಗರಣಿ, ಮಿರ್ಚಿ ಬಜ್ಜಿ ತಂದಿಟ್ಟಳು. ಮಂಡಕ್ಕಿಯ ಒಗ್ಗರಣೆಯ ಘಮಕ್ಕೆ ಆ ಹೊತ್ತಿನಲ್ಲೂ ನನ್ನ ಬಾಯಲ್ಲಿ ನೀರೂರಿತು. ನಾನು ಒಳಕೋಣೆಯ ಬಾಗಿಲಲ್ಲಿ ನಿಂತೆ; ನನ್ನ ಹಿಂದೆ ಅತ್ತೆ.

"ಹುಡುಗಿ ಏನೋ ಸಿಟ್ಟಿನಾಗ ಬಂದಾಳ. ಆಗಿದ್ದು ಆಗಿ ಹೋತು. ಕಳಿಸಿ ಕೊಡ್ರಿ," ಎಂದರು ಕುರುಗೋಡಿನ ಹಿರಿಯರು.

"ನಿಮ್ಮದು ದೊಡ್ಡ ಮನೆತನ ಐತ್ರಿ," ಎಂದಳು ಅಜ್ಜಿ. "ನನ್ನ ಮಗಳ ತಪ್ಪೂ ಐತಿ. ಹಟಮಾರಿ. ಬಾಯಿ ಜೋರು."

ಹಿರಿಯರು ಹೌದೆಂದು ತಲೆಯಾಡಿಸುತ್ತ ಮಿರ್ಚಿಗೆ ಕೈ ಹಾಕಿದರು. ಅತ್ತೆಯ ಕೈ ನನ್ನ ಹೆಗಲ ಮೇಲೆ ಬಂತು.

"ನಾ ಹೇಳಿದ ಮಾತು ಒಂದೂ ಕೇಳ್ಲಿಲ್ಲ. ದೀಪಾವಳಿಯಿಂದ ನನ್ನ ಕೂಡ ಮಾತಾಡಿಲ್ಲ. ಹೆತ್ತ ತಾಯಿ ಅಂತ ಒಂದಿನ ಮುಖ ಕೊಟ್ಟು ನೋಡಿಲ್ಲ."

ಅಜ್ಜಿ ಎಲೆಗೆ ಸುಣ್ಣ ಸವರಿದಳು. ಅಡಿಕೆ ಇಟ್ಟಳು. ಮಡಿಚಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದಿದ್ದಳು. ಬಾ, ಬಾ ಎಂದು ನಾನು ಮನಸ್ಸಿನಲ್ಲೇ ಆ ಶಬ್ದವನ್ನು ಕರೆದೆ.

"ಆದ್ರ," ಎಂದಳು ಅಜ್ಜಿ.

ಹಿರಿಯರ ಕೈ ತಟ್ಟೆಯಲ್ಲೇ ನಿಂತಿತು.

"ಆದ್ರ, ಆಕಿ ಬಂದಾಗಿಂದ ಸಂಜಿಮುಂದ ಈ ಮನಿಯಾಗ ಹುಡುಗ್ರು ಓದೂದು ಕೇಳಸ್ತೈತ್ರಿ. ಆಕಿ ಹೇಳ್ತಾಳ, ಅವು ಕೇಳ್ತಾವ. ನಂಗೇನೂ ತಿಳಿಯಂಗಿಲ್ಲ, ನಾನೂ ಕೇಳ್ತೀನಿ. ಆಕಿ ಎಷ್ಟ ವರ್ಷ ಇರ್ತೀನಂದ್ರೂ ಇಲ್ಲೇ ಇರ್ತಾಳ."

"ಮಂದಿ ಏನಂತಾರ್ರಿ ಅಮ್ಮಾ?"

"ಮಂದಿ ಅನ್ನೂದು ಏಳ ತಿಂಗಳಿಂದ ಅಂದಾರ. ಈಗ ಅವ್ರಿಗೂ ಸಾಕಾಗೈತಿ. ಮಿರ್ಚಿ ತಗೊಳ್ರಿ, ಆರ್ತಾವ."

ಮತ್ತೆ ಜೋರು ಮಾತು ಬರಲಿಲ್ಲ. ಅವರು ಹೊರಟು ನಿಂತಾಗ ಅಜ್ಜಿ ಆ ಹಿರಿಯರ ಹೆಂಡತಿಯನ್ನು ಜಗಲಿಯ ಮುಂದೆ ಕೂರಿಸಿ, ಕುಂಕುಮ ಹಚ್ಚಿ, ಅಕ್ಕಿ ಕಾಯಿ ಕುಪ್ಪಸದ ಕಣವನ್ನೆಲ್ಲ ಅವರ ಉಡಿಗೆ ತುಂಬಿದಳು. ಆಕೆ ಬಗ್ಗಿ ಅಜ್ಜಿಯ ಕಾಲು ಮುಟ್ಟಿದರು. ಏಳುವಾಗ ಒಳಕೋಣೆಯ ಕಡೆ ನೋಡಿ, "ಶಾರದಾ, ಚಂದಾಗಿ ಇರು" ಎಂದು ಮೆಲ್ಲಗೆ ಅಂದರು. ಗಂಡನಿಗೆ ಕೇಳಿಸಿತೋ ಇಲ್ಲವೋ.

ಬಾಗಿಲು ಹಾಕಿದ ಮೇಲೆ ಅಜ್ಜಿ ಅಡುಗೆಮನೆಗೆ ಹೋಗಿ ನಮಗೆ ಬೆನ್ನು ಹಾಕಿ ಕೂತಳು. "ಲೇ ಸುಮಾ, ನಿಮ್ಮತ್ತಿಗೆ ಹೇಳು, ಹಿಟ್ಟು ಉಳದೈತಿ, ಇನ್ನ ನಾಕ ಮಿರ್ಚಿ ಆಗತಾವ ಅಂತ."

ನಾನು ಹೇಳಲು ತಿರುಗಿದೆ. ಅತ್ತೆ ನನ್ನ ಬಾಯಿಯ ಮೇಲೆ ಕೈ ಇಟ್ಟಳು. ಹೋಗಿ ಅಜ್ಜಿಯ ಪಕ್ಕ ಕೂತಳು.

"ಅವ್ವಾ, ಆಕಡೆ ಸರಿ, ಮಿರ್ಚಿ ನಾ ಕರಿತೀನಿ."

"ಎಣ್ಣಿ ಕಾದೈತಿ, ನೋಡ್ಕೋ," ಎಂದಳು ಅಜ್ಜಿ, ಮಗಳಿಗೇ.

ಅಂದು ನನ್ನ ಕೆಲಸ ಹೋಯಿತು. ಕೆಲಸ ಹೋದದ್ದಕ್ಕೆ ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

ಅತ್ತೆ ಈಗ ಬಳ್ಳಾರಿ ಹತ್ತಿರದ ಮೋಕದ ಒಂದು ಶಾಲೆಯಲ್ಲಿ ಕಲಿಸುತ್ತಾಳೆ, ಬೆಳಗಿನ ಬಸ್ಸಿಗೆ ಹೋಗುತ್ತಾಳೆ. ಬಾಷಾನ ಮಗಳು ಹೋದ ವರ್ಷ ಶಾಲೆಗೆ ಸೇರಿದಳಂತೆ. ಅಜ್ಜಿ ಇಲ್ಲ. ಈಗ ನಮ್ಮಲ್ಲಿ ಯಾರೂ ಗೋಡೆಗೆ ಮಾತಾಡುವುದಿಲ್ಲ. ಸಿಟ್ಟು ಬಂದರೆ ಫೋನಿನಲ್ಲಿ ನಂಬರ್ ಬ್ಲಾಕ್ ಮಾಡುತ್ತೇವೆ, ಮುಗಿಯಿತು. ಸಾರು ಆರುತ್ತಿದೆ ಎಂದು ಹೇಳಿಸಲು ದಾರಿಯೇ ಉಳಿಯುವುದಿಲ್ಲ. ಆಗಿನವರು ಮಾತು ಬಿಟ್ಟಾಗಲೂ ಮಾತಿಗೆ ಒಂದು ಸಂದು ಇಟ್ಟುಕೊಳ್ಳುತ್ತಿದ್ದರು. ಒಬ್ಬರ ದೂರು ಪೂರ್ತಿ ಮುಗಿಯುವವರೆಗೆ, ಅದರಾಚೆ ಇನ್ನೇನೋ ಇದೆ ಎಂದು ಕಾಯುವ ಪುರುಸೊತ್ತು ಇತ್ತು. ನನ್ನನ್ನೇ ನೋಡಿಕೊಂಡರೆ, ಈ ವರ್ಷ ನಾನು ಎರಡು ಸ್ನೇಹಗಳನ್ನು ಚುಕ್ಕಿಯ ಹತ್ತಿರವೇ ಬಿಟ್ಟು ಬಂದಿದ್ದೇನೆ.

ಅಜ್ಜಿ ಯಾವಾಗ ಮನಸ್ಸು ಬದಲಿಸಿದಳು, ಅದೊಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆಗೂ ಗೊತ್ತಿಲ್ಲ, ಕೇಳುವ ಧೈರ್ಯ ಆಗಲಿಲ್ಲ ಎನ್ನುತ್ತಾಳೆ. ಆ ಓಣಿಯಲ್ಲಿ ಸಂಜೆ ಅಜ್ಜಿಯ ಜೊತೆ ಕಟ್ಟೆಯ ಮೇಲೆ ಕೂರುತ್ತಿದ್ದ ಹೆಂಗಸರು ಐದಾರು ಮಂದಿ ಇದ್ದರು. ಅವರಲ್ಲಿ ಯಾರಾದರೂ, ಅಥವಾ ಅವರ ಮನೆಯ ಮಕ್ಕಳು ಇದನ್ನು ಓದಿದರೆ, ಆ ಬೇಸಿಗೆಯಲ್ಲಿ ಅಜ್ಜಿ ಮಗಳ ಬಗ್ಗೆ ನಿಮ್ಮ ಹತ್ತಿರ ಏನನ್ನುತ್ತಿದ್ದಳು ಎಂಬುದನ್ನು ದಯವಿಟ್ಟು ನನಗೆ ಬರೆದು ತಿಳಿಸಿ. ಬೈಗುಳವಾದರೂ ಸರಿ, ಪೂರ್ತಿ ಬರೆಯಿರಿ.