ಮುರಿಯಲು ಕೊಡದೆ ಬಿಟ್ಟ ಬೆಸುಗೆ

ಹಗುರ ಲೋಹಗಳ ಬೆಸುಗೆಯ ಕ್ಷೇತ್ರದಲ್ಲಿ ಮೂವತ್ತಾರು ವರ್ಷ ದುಡಿದು ಇದೀಗ ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರನ್ನು ಕುರಿತು ಬರೆಯುವವರು ಅವರ ಜಾಣ್ಮೆಯನ್ನೂ ತಾಳ್ಮೆಯನ್ನೂ ಹೊಗಳುವುದು ಸಹಜ. ನಾನು ಹೊಗಳಬೇಕೆಂದಿರುವುದು ಅವರ ಭಯವನ್ನು. ಕಾರ್ಯಾಗಾರದಲ್ಲಿ ಅವರಿಗೆ ಬೆನ್ನ ಹಿಂದೆ ‘ಪುಕ್ಕಲು ಮೇಷ್ಟ್ರು’ ಎಂಬ ಹೆಸರಿತ್ತು. ಅದು ಅವರ ಕಿವಿಗೂ ಬಿದ್ದಿತ್ತು. ಅವರು ತಕರಾರು ಮಾಡಲಿಲ್ಲ.

ಅಲ್ಯೂಮಿನಿಯಂ, ಮೆಗ್ನೀಸಿಯಂ ಎರಡೂ ಬಿಡಿಯಾಗಿ ಸಾಧು ಲೋಹಗಳೇ. ಒಟ್ಟಿಗೆ ಕರಗಿಸಿದಿರೋ, ನಡುವೆ ಗಾಜಿನಷ್ಟು ಪೆಡಸಾದ ಪದರವೊಂದು ಹುಟ್ಟಿಕೊಳ್ಳುತ್ತದೆ. ಹೊರಗೆ ಬೆಸುಗೆ ಥಳಥಳ ಹೊಳೆಯುತ್ತದೆ, ಒಳಗೆ ಯಾವಾಗ ಕೈಕೊಡುತ್ತದೋ ಹೇಳಲಾಗದು. ಆದುದರಿಂದ ಮೇಷ್ಟ್ರು ಕರಗಿಸುವ ಗೋಜಿಗೇ ಹೋಗದೆ, ರಭಸವಾಗಿ ತಿರುಗುವ ಉಕ್ಕಿನ ಮೊಳೆಯನ್ನು ಎರಡು ತಗಡುಗಳ ಸಂದಿಗೆ ಇಳಿಸಿ, ಉಜ್ಜಿದ ಬಿಸಿಗೆ ಮೆತ್ತಗಾದ ಲೋಹಗಳನ್ನು ಕಲಸಿ ಕೂಡಿಸುವ ವಿಧಾನವನ್ನು ವರ್ಷಗಟ್ಟಲೆ ತಿದ್ದಿ ತೀಡಿದರು. ಅಲ್ಲಿಯೂ ಮೊಳೆ ಒಂದೇ ಕಡೆ ತುಸು ಹೆಚ್ಚು ಹೊತ್ತು ನಿಂತರೆ ಸಾಕು, ಬಿಸಿ ಏರಿ ಅದೇ ಪೆಡಸು ಪದರ ದಪ್ಪವಾಗುತ್ತದೆ.

ಅವರದೊಂದು ಕಟ್ಟುನಿಟ್ಟಾದ ಪದ್ಧತಿ ಇತ್ತು. ಪ್ರತಿ ಹನ್ನೊಂದು ಚೌಕಟ್ಟಿಗೆ ಒಂದನ್ನು ಮುರಿದು ಪರೀಕ್ಷಿಸಬೇಕು. ಯಾವುದನ್ನು ಎಂಬುದನ್ನು ಬೆಸೆದವರೇ ಹೇಳಬೇಕು. “ಯಾವುದನ್ನ ಕಂಡ್ರೆ ನಿಂಗೆ ಭಯವೋ ಅದನ್ನೇ ಕೊಡಮ್ಮ” ಎನ್ನುತ್ತಿದ್ದರು.

ನಾನು ಅವರ ಕೈಕೆಳಗೆ ಸೇರಿದ ನಾಲ್ಕನೆಯ ವರ್ಷ, ಆಸ್ಪತ್ರೆಯೊಂದಕ್ಕೆ ನಲವತ್ತು ಹಗುರ ಸ್ಟ್ರೆಚರ್‌ಗಳನ್ನು ಮಾಡಿಕೊಡುವ ಕೆಲಸ ಬಂತು. ಮುರಿಯುವ ನಾಲ್ಕೂ ಸೇರಿ ನಲವತ್ತನಾಲ್ಕು ಚೌಕಟ್ಟುಗಳನ್ನು ಬೆಸೆದವಳು ನಾನೇ. ಒಂದನ್ನು ಬೆಸೆಯುವಾಗ ನಡುವೆ ಕರೆಂಟ್ ಹೋಯಿತು. ಬಂದೊಡನೆ, ಸಿಕ್ಕಿಕೊಂಡಿದ್ದ ಮೊಳೆಯನ್ನು ಅಲ್ಲೇ ಮತ್ತೆ ತಿರುಗಿಸಿದೆ. ಎದ್ದ ಗಂಟನ್ನು ಅರದಿಂದ ಉಜ್ಜಿ ನಯ ಮಾಡಿದೆ. ಅದನ್ನು ಮುರಿಯಲು ಕೊಟ್ಟರೆ ಇಡೀ ಕೆಲಸವೇ ತಿರಸ್ಕೃತವಾಗುತ್ತಿತ್ತು, ನನ್ನ ಹೆಸರು ಮಣ್ಣುಪಾಲಾಗುತ್ತಿತ್ತು. ನಂಬಿಕೆಯ ನಾಲ್ಕನ್ನು ಆರಿಸಿಕೊಟ್ಟೆ. ಬಣ್ಣ ಬಳಿದ ಮೇಲೆ ಆ ಒಂದು ಯಾವುದೆಂದು ನನಗೂ ಗೊತ್ತಾಗಲಿಲ್ಲ.

ನಲವತ್ತೂ ಆಸ್ಪತ್ರೆ ಸೇರಿದ ಮೇಲೆ ಒಂಬತ್ತು ದಿನ ಯಾರಿಗೂ ಹೇಳದೆ ಇದ್ದೆ. ಬೀದಿಯಲ್ಲಿ ಆಂಬುಲೆನ್ಸ್ ಕೂಗಿದರೆ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಿದ್ದೆ. ಹತ್ತನೆಯ ಬೆಳಗ್ಗೆ ಮೇಷ್ಟ್ರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಕನ್ನಡಕ ತೆಗೆದಿಟ್ಟು ಎದ್ದು ನಿಂತರು.

“ನಡಿ, ಮೊದ್ಲು ಎಲ್ಲಾನೂ ವಾಪಸ್ ತರೋಣ. ಬಯ್ಯೋಕೆ ಆಮೇಲೆ ಪುರುಸೊತ್ತು ಮಾಡ್ಕೋತೀನಿ” ಎಂದರು.

ಮಧ್ಯಾಹ್ನದೊಳಗೆ ಮೂವತ್ತೊಂಬತ್ತು ಸಿಕ್ಕವು. ಉಳಿದ ಒಂದು ಆಂಬುಲೆನ್ಸಿನಲ್ಲಿ ಹೊರಗೆ ಹೋಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಕಾದೆವು. ಅರ್ಧ ಗಂಟೆಗೆ ಗಾಡಿ ಬಂತು. ಸ್ಟ್ರೆಚರ್ ಮೇಲೆ ಭಾರಿ ಆಳು, ಪಕ್ಕದಲ್ಲಿ ಡ್ರಿಪ್ ಬಾಟಲಿ ಹಿಡಿದ ಮಗಳು. ಮೇಷ್ಟ್ರು ಓಡಿಹೋಗಿ ಬೆಸುಗೆಯ ಅಡಿಗೆ ಎರಡೂ ಅಂಗೈ ಕೊಟ್ಟು, ಬೆನ್ನು ಬಗ್ಗಿಸಿಕೊಂಡೇ ನಡೆದರು. ಆಚೆ ಬದಿಯಲ್ಲಿ ನಾನು.

“ನೀವ್ಯಾರು?” ಎಂದಳು ಮಗಳು.

“ಹೊರೋರು ಕಣಮ್ಮ” ಎಂದರು ಮೇಷ್ಟ್ರು.

ಆಸ್ಪತ್ರೆಯ ಆ ಕಾರಿಡಾರಿನಷ್ಟು ಉದ್ದದ ದಾರಿಯನ್ನು ನಾನು ಮತ್ತೆಲ್ಲೂ ನಡೆದಿಲ್ಲ. ರೋಗಿಯನ್ನು ಮಂಚಕ್ಕೆ ಇಳಿಸಿದ ಮೇಲೆಯೇ ಅವರು ಸೊಂಟ ನೆಟ್ಟಗೆ ಮಾಡಿದ್ದು.

ಮರುದಿನ ನಲವತ್ತನ್ನೂ ಮುರಿದೆವು. ಹೊರಗೆ ಹೋಗಿ ಬಂದದ್ದು ಗಟ್ಟಿಯಾಗಿತ್ತು. ಹೆರಿಗೆ ವಾರ್ಡಿನಲ್ಲಿ ಬಳಕೆಗೆಂದು ಸಿದ್ಧವಾಗಿ ನಿಂತಿದ್ದ ಒಂದು, ಹೊರಬೇಕಾದ ಭಾರದ ಐದನೇ ಒಂದು ಪಾಲಿಗೇ ಸೀಮೆಸುಣ್ಣದಂತೆ ಲಟಕ್ಕನೆ ತುಂಡಾಯಿತು. ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ. ಬಯ್ಯುವ ಪುರುಸೊತ್ತು ಮೇಷ್ಟ್ರಿಗೆ ಇಂದಿನವರೆಗೂ ಸಿಕ್ಕಿಲ್ಲ.

ಅನಂತರದ ಇಪ್ಪತ್ತೆರಡು ವರ್ಷಗಳಲ್ಲಿ ಅವರು ತಯಾರು ಮಾಡಿದ ಶಿಷ್ಯರು ಹಲವರು, ತಿದ್ದಿದ ವಿಧಾನಗಳು ಹಲವು. ಆದರೂ ನಮ್ಮ ಬೆಸುಗೆ ವಿಭಾಗದ ಮುಖ್ಯಸ್ಥರ ಹುದ್ದೆ ಅವರಿಗೆ ಬರಲಿಲ್ಲ. ಏಕೆಂದು ನನಗೂ ತಿಳಿದಿರಲಿಲ್ಲ. ಕಳೆದ ವರ್ಷ ಆ ಕುರ್ಚಿಯಲ್ಲಿ ನಾನು ಕುಳಿತಾಗ ಹಳೆಯ ಕಡತ ಕೈಗೆ ಬಂತು. ಸ್ಟ್ರೆಚರ್‌ಗಳ ವರದಿಯಲ್ಲಿ ಅವರ ಅಕ್ಷರದಲ್ಲೇ ಹೀಗಿದೆ: “ಪರೀಕ್ಷೆಯ ಚೌಕಟ್ಟುಗಳನ್ನು ಆರಿಸಿದವನು ನಾನು. ಆಯ್ಕೆ ತಪ್ಪಿದೆ.” ಕೆಳಗೆ ಅವರ ಸಹಿ.

ನಮ್ಮ ಮೇಷ್ಟ್ರಿಗೆ ಆಯುಸ್ಸು, ಆರೋಗ್ಯ ತುಂಬಿ ಬರಲಿ. ಅವರ ಕೈ ಇನ್ನೂ ಬಹುಕಾಲ ಲೋಹ ಮುಟ್ಟುತ್ತಿರಲಿ ಎಂದು ಹಾರೈಸುತ್ತೇನೆ. ಈ ಲೇಖನವನ್ನು ಅವರಿಗೆ ತೋರಿಸಿಲ್ಲ. ತೋರಿಸಿದರೆ ಕೊನೆಯ ಸಾಲನ್ನು ಹೊಡೆದುಹಾಕುತ್ತಾರೆ. ಇದನ್ನು ಓದಿದ ಮೇಲೆ ಆಡಳಿತದವರು ನನ್ನನ್ನು ಈ ಕುರ್ಚಿಯಲ್ಲಿ ಉಳಿಸುತ್ತಾರೋ ಇಲ್ಲವೋ ತಿಳಿಯದು. ಆ ಚೌಕಟ್ಟುಗಳನ್ನು ಆರಿಸಿದವಳು ನಾನು.