ಲಾಭ, ಎರಡು, ಮೂರು

ನನ್ನ ಅಕ್ಕನ ಮಗಳು ಸುಮಾಳ ವಯಸ್ಸು ಆರು. ಬುದ್ಧಿ ಎಂಬತ್ತೆರಡು. ಈ ಎರಡನೆಯ ಸಂಖ್ಯೆ ಹೋದ ತಿಂಗಳು ಗೊತ್ತಾಯಿತು. ಅಲ್ಲಿಂದ ನಮ್ಮ ಮನೆಯ ನೆಮ್ಮದಿ ಕೆಟ್ಟಿತು.

ಶಿಗ್ಗಾಂವದ ಹೈವೇ ಪಕ್ಕ ಹೊಸದಾಗಿ ಶುರುವಾದ ಶಾಲೆಯೊಂದರಲ್ಲಿ ಒಂದನೇ ಕ್ಲಾಸಿಗೆ ಸೇರಬೇಕಾದರೆ ಐಕ್ಯೂ ಟೆಸ್ಟ್ ಕೊಡಬೇಕು. (ನಮ್ಮ ಕಾಲದಲ್ಲಿ ತಲೆಯ ಮೇಲಿಂದ ಕೈ ತಂದು ಆಚೆ ಕಿವಿ ಮುಟ್ಟಿದರೆ ಅಡ್ಮಿಶನ್ ಮುಗಿಯುತ್ತಿತ್ತು.) ಎಂಬತ್ತೆರಡು ಬಂದರೆ ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಬೇಕಂತೆ. ಓಣಿಯ ಗೆಳತಿಯರೆಲ್ಲ ಮುಂದೆ, ಇವಳೊಬ್ಬಳು ಹಿಂದೆ.

“ತಮ್ಮಾ, ನನ್ನ ಮಗಳು ದಡ್ಡಿ ಏನೋ? ನೀ ಶ್ಯಾಣ್ಯಾ ಅದಿ, ಒಂದೀಟು ಹೋಗಿ ಕೇಳಿ ಬಾ” ಎಂದು ಅಕ್ಕ ಫೋನಿನಲ್ಲಿ ಅತ್ತಳು.

ನಾನು ಶ್ಯಾಣ್ಯಾ ಎಂಬುದಕ್ಕೆ ದಾಖಲೆ ಇದೆ. ಕಾಲೇಜಿನಲ್ಲಿದ್ದಾಗ ಯಾವುದೋ ಕ್ಯಾಂಪಿನಲ್ಲಿ ಇಂಥದೇ ಟೆಸ್ಟ್ ಬರೆದು ನೂರಾ ಮೂವತ್ತೊಂದು ತೆಗೆದಿದ್ದೆ. (ಈ ಅಂಕಣದಲ್ಲಿ ಇದನ್ನು ಎಷ್ಟನೇ ಸಲ ಹೇಳುತ್ತಿದ್ದೇನೋ, ನೀವೇ ಲೆಕ್ಕ ಇಡಿ.)

ಟೆಸ್ಟ್ ಮಾಡಿದ ಮೇಡಂ ಬೆಂಗಳೂರಿನವರು. ಒಳ್ಳೆಯವರೇ. ಹಾಳೆ ತೆರೆದು ತೋರಿಸಿದರು. “ಹತ್ತು ಮರದ ತುಂಡು ಇಟ್ಟು ಎಣಿಸು ಅಂದೆ ಸರ್. ‘ಲಾಭ, ಎರಡು, ಮೂರು’ ಅಂದಳು. ತಪ್ಪು, ಮತ್ತೆ ಎಣಿಸು ಅಂದೆ. ಮತ್ತೂ ಲಾಭ ಅಂದಳು. ಆಮೇಲೆ ಯಾವ ಪ್ರಶ್ನೆಗೂ ಬಾಯೇ ಬಿಡಲಿಲ್ಲ.”

ನನಗೆ ನಗು ಬಂತು. ಹಿಂದೆಯೇ ಸಿಟ್ಟೂ ಬಂತು. ನಮ್ಮ ಭಾವನದು ಕಾಳಿನ ಅಂಗಡಿ. ಅಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ಯಾರೂ ಒಂದು ಎನ್ನುವುದಿಲ್ಲ, ವ್ಯಾಪಾರಕ್ಕೆ ಒಳ್ಳೆಯದಾಗಲಿ ಎಂದು ಲಾಭ ಎನ್ನುತ್ತಾರೆ. ಅಜ್ಜನ ಕಾಲದಿಂದ ಹಾಗೇ. ಚೀಲಗಳ ಮೇಲೆ ಕೂತು ಬೆಳೆದ ಹುಡುಗಿ ಇನ್ನು ಹೇಗೆ ಎಣಿಸಬೇಕು?

ಇದನ್ನು ಬಿಡಿಸಿ ಹೇಳಿದಾಗ ಮೇಡಂ ಒಪ್ಪಿದರು. ಸೋಮವಾರ ಇನ್ನೊಂದು ಟೆಸ್ಟ್ ಎಂದರು. ಮೂರು ದಿನ ಸುಮಾಳನ್ನು ಎದುರಿಗೆ ಕೂರಿಸಿಕೊಂಡು ಒಂದು ಎನ್ನಿಸಿದೆ.

“ಮೊದಲಿಗೆ ಒಂದು ಅಂದ್ರ ಅಪ್ಪ ಬೈತಾನ ಮಾಮಾ.”

“ಸಾಲ್ಯಾಗ ಅನ್ನು. ಅಲ್ಲಿ ಯಾರೂ ಬೈಯಂಗಿಲ್ಲ.”

ಈ ಸಲ ಬಂದದ್ದು ನೂರಾ ಹದಿನಾಲ್ಕು! ಒಂದನೇ ಕ್ಲಾಸಿನ ಸೀಟು ಸಿಕ್ಕಿತು. ಅಕ್ಕ ಓಣಿಗೆಲ್ಲ ಪೇಡೆ ಹಂಚಿದಳು. ಆ ಹಾಳೆ ಈಗ ದೇವರ ಜಗಲಿಯ ಮೇಲಿದೆ. ಎಂಬತ್ತೆರಡು ಬಂದಾಗ “ಸುಡ್ಲಿ ಆ ಟೆಸ್ಟ್” ಅಂದವಳೂ ಇವಳೇ. (ನಾನೂ ಅಂದಿದ್ದೆ ಬಿಡಿ.)

ನನಗೆ ತಲೆ ಕೆಟ್ಟದ್ದು ಆಮೇಲೆ. ಹತ್ತು ದಿನದಲ್ಲಿ ಹುಡುಗಿಯ ಬುದ್ಧಿ ಬೆಳೆಯಿತೇ? ಅಥವಾ ನಾನು ಕಲಿಸಿಕೊಟ್ಟದ್ದಕ್ಕೇ ಅವರು ಅಂಕ ಕೊಟ್ಟರೇ? ಭಾವ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಚೀಲದೊಳಗೆ ಕೈ ಹಾಕಿ ಹಿಡಿ ಜೋಳ ತೆಗೆದರೆ ಸಾಕು, ಯಾವ ಹೊಲದ್ದು, ಎಷ್ಟು ಒಣಗಿದೆ ಎಂದು ಹೇಳುತ್ತಾನೆ. ಅವನದು ಎಷ್ಟು? ನೂರಾ ಮೂವತ್ತೊಂದು ಇಟ್ಟುಕೊಂಡು ನಾನು ಮಾಡಿದ್ದಾದರೂ ಏನು? ಬೈಕ್ ಲೈಸೆನ್ಸಿನ ಟೆಸ್ಟಿನಲ್ಲಿ ಎರಡು ಸಲ ಫೇಲಾದೆ. ಈ ಅಂಕಣವನ್ನೂ ವಾರವಾರ ಸಂಪಾದಕರ ಬೈಗುಳ ತಿಂದೇ ಕಳಿಸುತ್ತೇನೆ.

ಹಾಗಂತ ಅಂಕ ಸುಳ್ಳು ಎನ್ನಲೂ ಧೈರ್ಯವಿಲ್ಲ. ನನ್ನ ಮಂಡಿನೋವಿಗೆ ಡಾಕ್ಟರನ್ನು ಹುಡುಕುವಾಗ ಗೋಲ್ಡ್ ಮೆಡಲ್ ಬಂದವರು ಯಾರು ಎಂದೇ ವಿಚಾರಿಸಿದ್ದೆ. ನೀವು ವಿಚಾರಿಸುವುದಿಲ್ಲವೇ?

ಮೊನ್ನೆ ಭಾನುವಾರ ಅಂಗಡಿಗೆ ಹೋಗಿದ್ದೆ. ದುಂಡಸಿಯಿಂದ ಬಂದ ಅಜ್ಜಿಯೊಬ್ಬಳಿಗೆ ಭಾವ ಜೋಳ ಅಳೆಯುತ್ತಿದ್ದ. ಎಣಿಸುವ ಕೆಲಸ ಸುಮಾಳದು. ಮೊದಲ ಸೇರು ಚೀಲಕ್ಕೆ ಬಿತ್ತು.

“ಒಂದು!” ಎಂದಳು, ಗಟ್ಟಿಯಾಗಿ.

ಭಾವನ ಕೈ ಅಲ್ಲೇ ನಿಂತಿತು. “ಯವ್ವಾ, ಹಂಗ ಅನಬಾರದವಾ” ಎಂದಳು ಅಜ್ಜಿ.

ಸುಮಾ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು. “ಮಾಮಾ, ಅಲ್ಲಿ ಲಾಭ ಅಂದ್ರ ತಪ್ಪು. ಇಲ್ಲಿ ಒಂದು ಅಂದ್ರ ತಪ್ಪು. ಮತ್ತ ನಾ ಶ್ಯಾಣ್ಯಾಕಿ ಏನು, ದಡ್ಡಿ ಏನು?”

ನೂರಾ ಮೂವತ್ತೊಂದು ತೆಗೆದ ಮಾಮ ಅವಳ ಪಕ್ಕ ಚೀಲದ ಮೇಲೆ ಕೂತು, ಎರಡನೇ ಸೇರಿನಿಂದ ಎಣಿಸಲು ಶುರು ಮಾಡಿದ.